ನುಡಿ ಫಾಂಟಿನ ವರ್ಡ್ ಪಟ್ಟಿ ಎಕ್ಸೆಲ್‌ಗೆ: ಹೆಸರು, ಸರ್ವೆ ನಂಬರ್, ಗುಂಟೆ ಕೆಡದಂತೆ

ಕೆಲಸಕ್ಕೆ ಎತ್ತಿಕೊಂಡದ್ದು ನೀರು ಬಳಕೆದಾರರ ಸಹಕಾರ ಸಂಘವೊಂದರ ಸದಸ್ಯರ ಪಟ್ಟಿ. ಹಳೆಯ ಡಾಕ್ ಫೈಲು, 46 ಪುಟ, ಒಂದೇ ಉದ್ದನೆಯ ಟೇಬಲ್, 1,112 ಹೆಸರು. ಕಾಲಂಗಳು ಹತ್ತು: ಕ್ರಮ ಸಂಖ್ಯೆ, ಹೆಸರು, ಬಿನ್ ಅಥವಾ ಕೋಂ, ಊರು, ಸರ್ವೆ ನಂಬರ್, ವಿಸ್ತೀರ್ಣ, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಸೇರಿದ ದಿನಾಂಕ, ಷೇರು ಮೊತ್ತ. ಕನ್ನಡವೆಲ್ಲ ನುಡಿ 01 ಇ ಫಾಂಟಿನಲ್ಲಿದೆ. ಬೇಕಾದದ್ದು ಯೂನಿಕೋಡ್ ಕನ್ನಡದಲ್ಲಿರುವ (ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಕೋಡು ಇರುವ) ಎಕ್ಸೆಲ್ ಶೀಟು, ಅದರಿಂದ ಮತ್ತೆ ವರ್ಡ್‌ಗೆ ಹೋಗಿ ಒಬ್ಬೊಬ್ಬರ ಹೆಸರಿಗೆ ನೋಟಿಸ್ ಪ್ರಿಂಟು.

ಬಳಸಿದ್ದು ಮೈಕ್ರೋಸಾಫ್ಟ್ ವರ್ಡ್, ಎಕ್ಸೆಲ್, ನೋಟ್‌ಪ್ಯಾಡ್ ಮತ್ತು ನುಡಿಯಿಂದ ಯೂನಿಕೋಡಿಗೆ ಬದಲಿಸುವ ಒಂದು ಕನ್ವರ್ಟರ್. ಲಿಬ್ರೆಆಫೀಸ್‌ನಲ್ಲೂ ಇದೇ ದಾರಿ. ವ್ಯತ್ಯಾಸ ಇರುವಲ್ಲಿ ಹೇಳಿದೆ. ವರ್ಡ್ ಫೈಲನ್ನು ಸೇವ್ ಆಸ್ ಮಾಡಿ ಎಕ್ಸೆಲ್ ಫೈಲಾಗಿಸುವ ಆಯ್ಕೆ ಎರಡರಲ್ಲೂ ಇಲ್ಲ. ಎಚ್‌ಟಿಎಂಎಲ್ ಆಗಿ ಉಳಿಸಿ ಅದನ್ನು ಎಕ್ಸೆಲ್‌ನಲ್ಲಿ ತೆರೆಯಬಹುದು, ಟೇಬಲ್ ಚೆನ್ನಾಗಿಯೇ ಬರುತ್ತದೆ. ಆದರೆ ಯಾವುದು ಸಂಖ್ಯೆ, ಯಾವುದು ದಿನಾಂಕ ಎಂದು ಎಕ್ಸೆಲ್ ತಾನೇ ತೀರ್ಮಾನಿಸಿಬಿಡುತ್ತದೆ. ಈ ಪಟ್ಟಿಗೆ ಅದು ಆಗಬಾರದು.

ಮೊದಲು ಲಿಪಿ, ಆಮೇಲೆ ಶೀಟು

ಹೆಚ್ಚಿನವರು ಟೇಬಲನ್ನು ಎಕ್ಸೆಲ್‌ಗೆ ಅಂಟಿಸಿ, ಅಲ್ಲೂ ನುಡಿ ಫಾಂಟನ್ನೇ ಹಾಕಿ, ‘ಯೂನಿಕೋಡ್ ಆಮೇಲೆ ನೋಡೋಣ’ ಎನ್ನುತ್ತಾರೆ. ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ತೊಂದರೆ ಶುರುವಾಗುವುದು ಸಾರ್ಟ್ ಮಾಡಿದಾಗ. ನುಡಿಯ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರ್ ಇಟ್ಟುಕೊಂಡಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಕೋಡು. ಅದರ ಮೇಲೆ ಕನ್ನಡದ ಚಿತ್ರ ಕೂತಿದೆ, ಅಷ್ಟೇ. ‘ಆ’ ಅಕ್ಷರಕ್ಕೆ ದೊಡ್ಡ ಡಿ, ‘ಜ’ ಅಕ್ಷರಕ್ಕೆ ಸಣ್ಣ ಡಿ. ಎಕ್ಸೆಲ್ ಸಾರ್ಟ್ ಮಾಡುವಾಗ ದೊಡ್ಡಕ್ಷರ ಸಣ್ಣಕ್ಷರದ ಭೇದ ನೋಡುವುದಿಲ್ಲ, ಹಾಗಾಗಿ ಆನಂದಪ್ಪನವರೂ ಜಯಮ್ಮನವರೂ ಒಂದೇ ಗುಂಪಿಗೆ ಸೇರುತ್ತಾರೆ. ‘ಮ’ ಶುರುವಾಗುವುದೇ ‘ವ’ದ ಕೋಡಿನಿಂದ, ಆದ್ದರಿಂದ ಮಂಜಪ್ಪ ವೆಂಕಪ್ಪನ ಸಾಲಿಗೆ ಹೋಗುತ್ತಾನೆ. ವಿಲುಕಪ್ (ಒಂದು ಶೀಟಿನ ಹೆಸರನ್ನು ಇನ್ನೊಂದರಲ್ಲಿ ಹುಡುಕಿ ಕೊಡುವ ಫಂಕ್ಷನ್) ಕೂಡ ದೊಡ್ಡಕ್ಷರ ಸಣ್ಣಕ್ಷರ ನೋಡುವುದಿಲ್ಲ. ಬೇರೆ ಬೇರೆ ಎರಡು ಹೆಸರನ್ನು ಒಂದೇ ಎಂದು ಹಿಡಿಯುವ ಅಪಾಯವಿದೆ. ಹಣ ಪಾವತಿಯ ಪಟ್ಟಿಯಲ್ಲಿ ಇಂಥ ತಪ್ಪು ಒಂದು ಮನೆಗೆ ಪೆಟ್ಟು ಕೊಡುತ್ತದೆ.

ಇನ್ನೊಂದು ಕಾರಣವೂ ಇದೆ. ಯಾವ ತುಂಡು ನುಡಿ, ಯಾವುದು ನಿಜವಾದ ಇಂಗ್ಲಿಷ್ ಎಂದು ತಿಳಿಸುವುದು ಫಾಂಟಿನ ಹೆಸರು ಮಾತ್ರ. ಆ ಗುರುತು ವರ್ಡ್ ಫೈಲಿನಲ್ಲಿ ಭದ್ರವಾಗಿರುತ್ತದೆ. ಸಿಎಸ್‌ವಿಗೆ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಬರೀ ಪಠ್ಯದ ಫೈಲಿಗೆ) ಹೋದರೆ ಪೂರ್ತಿ ಅಳಿಸಿಹೋಗುತ್ತದೆ. ಆದ್ದರಿಂದ ಲಿಪಿ ಬದಲಿಸುವ ಕೆಲಸಕ್ಕೆ ಬೇಕಾದ ವಿಂಗಡಣೆಯೆಲ್ಲ ವರ್ಡ್‌ನಲ್ಲೇ ಮುಗಿಯಬೇಕು.

ವರ್ಡ್‌ನಲ್ಲಿ ಮಾಡುವ ಸ್ವಚ್ಛತೆ

ಮೂಲ ಫೈಲನ್ನು ರೀಡ್ ಓನ್ಲಿ ಮಾಡಿ ಪಕ್ಕಕ್ಕಿಡಿ. ಪ್ರತಿಯನ್ನು ಡಾಕ್ಸ್ ಆಗಿ ಉಳಿಸಿಕೊಳ್ಳಿ.

ಫಾಂಟ್ ಪರೀಕ್ಷೆಗೆ ಕಂಟ್ರೋಲ್ ಎಚ್ ಒತ್ತಿ. ಫೈಂಡ್ ಜಾಗದಲ್ಲಿ ಏನೂ ಬರೆಯದೆ, ಮೋರ್, ಫಾರ್ಮ್ಯಾಟ್, ಫಾಂಟ್ ಎಂದು ಹೋಗಿ ನುಡಿ 01 ಇ ಆರಿಸಿ. ರಿಪ್ಲೇಸ್ ಜಾಗದಲ್ಲೂ ಪದ ಬೇಡ, ಫಾಂಟ್ ಬಣ್ಣ ನೀಲಿ ಎಂದಷ್ಟೇ ಕೊಟ್ಟು ರಿಪ್ಲೇಸ್ ಆಲ್ ಮಾಡಿ. ನುಡಿಯಲ್ಲಿದ್ದದ್ದೆಲ್ಲ ನೀಲಿಯಾಗುತ್ತದೆ. ಈಗ ಹೆಸರಿನ ಕಾಲಂನಲ್ಲಿ ಕಪ್ಪಾಗಿ ಉಳಿದದ್ದನ್ನು ಹುಡುಕಿ. ಈ ಪಟ್ಟಿಯಲ್ಲಿ ಅವು ಇಂಗ್ಲಿಷಿನಲ್ಲಿ ಹೊಡೆದ ಇನಿಷಿಯಲ್‌ಗಳು. ಹಾಗೇ ಬಿಟ್ಟರೆ ಕನ್ವರ್ಟರ್ ಅವನ್ನೂ ನುಡಿ ಎಂದೇ ತಿಳಿಯುತ್ತದೆ: ಇಂಗ್ಲಿಷಿನ ‘ಕೆ’ ಇನಿಷಿಯಲ್ ‘ಏ’ ಆಗಿ ಹೊರಬರುತ್ತದೆ, ಏಕೆಂದರೆ ನುಡಿಯಲ್ಲಿ ‘ಏ’ ಕೂತಿರುವುದು ಆ ಕೋಡಿನ ಮೇಲೆಯೇ. ಇವುಗಳ ಕ್ರಮ ಸಂಖ್ಯೆ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಲಿಪಿ ಬದಲಾದ ಮೇಲೆ ಕೈಯಲ್ಲೇ ತಿದ್ದಬೇಕು.

ಫಾಂಟ್ ಪಟ್ಟಿಯಲ್ಲಿ ನುಡಿ 01 ಕೆ ಕೂಡ ಇದೆಯೇ ನೋಡಿ. ಇ ಎಂದರೆ ಇಂಗ್ಲಿಷ್ ಅಂಕಿ, ಕೆ ಎಂದರೆ ಕನ್ನಡ ಅಂಕಿ. ಒಳಗಿನ ಕೋಡು ಎರಡಕ್ಕೂ ಒಂದೇ, ಕಾಣುವ ರೂಪ ಮಾತ್ರ ಬೇರೆ.

ಮುಂದಿನದು ಟೇಬಲ್. ಪ್ರತಿ ಪುಟದ ಮೇಲೂ ತಲೆಬರಹದ ಸಾಲನ್ನು ಕೈಯಲ್ಲಿ ಟೈಪ್ ಮಾಡಿದ್ದರೆ ಮೊದಲನೆಯದನ್ನು ಬಿಟ್ಟು ಉಳಿದ 45ನ್ನೂ ಅಳಿಸಿ. ‘ಮುಂದುವರಿದಿದೆ’, ‘ಪುಟದ ಮೊತ್ತ’ ಸಾಲುಗಳನ್ನೂ ತೆಗೆಯಿರಿ. ಎರಡು ಸರ್ವೆ ನಂಬರಿಗೆ ಒಂದೇ ಹೆಸರು ಎಂದು ಸೆಲ್ ಮರ್ಜ್ ಮಾಡಿರುವ ಕಡೆ ಬಿಡಿಸಿ, ಹೆಸರನ್ನು ಎರಡೂ ಸಾಲಿಗೆ ತುಂಬಿ. ಕ್ರಮ ಸಂಖ್ಯೆ ವರ್ಡ್‌ನ ತಾನೇ ಬರುವ ನಂಬರಿಂಗ್ ಆಗಿದ್ದರೆ ಅದು ನಿಜವಾದ ಅಕ್ಷರವಲ್ಲ. ಬರೀ ಪಠ್ಯವಾಗಿ ಎತ್ತುವಾಗ ಬಿಟ್ಟುಹೋಗಬಹುದು. ಅದನ್ನು ತೆಗೆದು ನಿಜವಾದ ಅಂಕಿ ತುಂಬಿ. ಎಕ್ಸೆಲ್‌ನಲ್ಲಿ 1ರಿಂದ 1,112ರವರೆಗೆ ಎಳೆದು ಕಾಪಿ ಮಾಡಿ ಇಲ್ಲಿ ಅಂಟಿಸುವುದು ಸುಲಭ. ಮರ್ಜ್ ಬಿಡಿಸಿ ಹೆಚ್ಚಾದ ಸಾಲಿಗೆ ಹೊಸ ಸಂಖ್ಯೆ ಬೇಡ, ಅದೇ ಸದಸ್ಯರ ಸಂಖ್ಯೆ ಇರಲಿ.

ಸೆಲ್ಲಿನ ಒಳಗೆ ಎಂಟರ್ ಒತ್ತಿ ಎರಡು ಸಾಲು ಮಾಡಿರುವುದು ಅತಿ ಹೆಚ್ಚು ಕಾಡುವ ಸಂಗತಿ. ಹೆಸರು ಮೇಲೆ, ‘ಲೇಟ್’ ಅಥವಾ ಊರು ಕೆಳಗೆ. ಎಕ್ಸೆಲ್‌ಗೆ ಹಾಕಿದಾಗ ಅಂಥ ಒಂದು ಸಾಲು ಎರಡಾಗಿ ಒಡೆದು, ಪಕ್ಕದ ಸೆಲ್ಲುಗಳೆಲ್ಲ ಮರ್ಜ್ ಆಗುತ್ತವೆ. ಟೇಬಲ್ ಪೂರ್ತಿ ಸೆಲೆಕ್ಟ್ ಮಾಡಿ, ಫೈಂಡ್‌ನಲ್ಲಿ ಕ್ಯಾರೆಟ್ ಚಿಹ್ನೆ ಹಾಕಿ (6ರ ಕೀಲಿಯ ಮೇಲಿನದು) ಅದರ ಪಕ್ಕ ಸಣ್ಣ ಪಿ, ರಿಪ್ಲೇಸ್‌ನಲ್ಲಿ ## ಕೊಡಿ. ಸೆಲ್ಲಿನ ಕೊನೆಯ ಗುರುತು ಬೇರೆ ಜಾತಿಯದು, ಅದಕ್ಕೆ ಏನೂ ಆಗುವುದಿಲ್ಲ. ಶಿಫ್ಟ್ ಎಂಟರ್ ಒತ್ತಿ ಮಾಡಿದ ಸಾಲುಗಳಿಗೆ ಕ್ಯಾರೆಟ್ ಮತ್ತು ಸಣ್ಣ ಎಲ್ ಹಾಕಿ ಇನ್ನೊಮ್ಮೆ ಮಾಡಿ. ## ಗುರುತನ್ನು ಮೊದಲೇ ಕನ್ವರ್ಟರ್‌ಗೆ ಹಾಕಿ ಹಾಗೇ ಹೊರಬರುತ್ತದೆಯೇ ನೋಡಿಕೊಳ್ಳಿ. ಬದಲಾದರೆ ಬೇರೆ ಗುರುತು ಆರಿಸಿ. ಖಾಲಿ ಸೆಲ್ಲುಗಳಿಗೆಲ್ಲ ಒಂದು ಅಡ್ಡಗೆರೆ ತುಂಬಿ, ಇಲ್ಲದಿದ್ದರೆ ಮುಂದೆ ಸಾಲಿನ ಲೆಕ್ಕ ತಪ್ಪುತ್ತದೆ.

ಟೇಬಲ್ ಇಲ್ಲದೆ ಟ್ಯಾಬ್ ಹೊಡೆದು ಸಾಲು ಜೋಡಿಸಿರುವ ಫೈಲು ಸಿಕ್ಕರೆ, ಇನ್ಸರ್ಟ್, ಟೇಬಲ್, ಕನ್ವರ್ಟ್ ಟೆಕ್ಸ್ಟ್ ಟು ಟೇಬಲ್. ಅದಕ್ಕೂ ಮೊದಲು ಜೋಡಿ ಟ್ಯಾಬುಗಳನ್ನು ಕಣ್ಣಾರೆ ನೋಡಿ: ಕೆಲವು ಅಂದಕ್ಕೆ ಹೊಡೆದವು, ಕೆಲವು ನಿಜವಾಗಿ ಖಾಲಿ ಕಾಲಂ. ಒಟ್ಟಿಗೆ ರಿಪ್ಲೇಸ್ ಮಾಡಿದರೆ ಊರಿನ ಕಾಲಂಗೆ ಸರ್ವೆ ನಂಬರ್ ಬಂದು ಕೂರುತ್ತದೆ.

ಲಿಪಿ ಬದಲಿಸುವುದು: ‘ಮಲ್ಲಪ್ಪ’ ಏಕೆ ‘ವುಲ್ಲಪ್ಪ’ ಆಗುತ್ತಾನೆ

ನುಡಿಯಲ್ಲಿ ‘ಮ’ ಎಂಬುದು ಒಂದು ಕೋಡಲ್ಲ, ಮೂರು: ‘ವ’ದ ದೇಹ, ತಲಕಟ್ಟು, ಸಾಮಾನ್ಯ ಕೊಂಬು. ‘ವು’ ಬರೆಯಲು ಇರುವುದು ಬೇರೆಯದೇ ಕೊಂಬಿನ ಕೋಡು. ಮೂರೂ ಒಟ್ಟಿಗಿದ್ದರೆ ಕನ್ವರ್ಟರ್ ‘ಮ’ ಎಂದು ಗುರುತಿಸುತ್ತದೆ. ಆದರೆ ಡಾಕ್ಸ್ ಫೈಲು ಪಠ್ಯವನ್ನು ರನ್ ಎಂಬ ಚೂರುಗಳಾಗಿ ಇಟ್ಟುಕೊಳ್ಳುತ್ತದೆ. ಯಾರೋ ಮಧ್ಯೆ ಒಂದಕ್ಷರ ತಿದ್ದಿದರೂ ಚೂರು ಬೇರೆಯಾಗಬಹುದು. (ಡಾಕ್ಸ್ ಎಂದರೆ ಝಿಪ್ ಕಟ್ಟಿದ ಎಕ್ಸ್‌ಎಂಎಲ್ ಫೈಲುಗಳು. ಹೆಸರಿನ ಕೊನೆ ಝಿಪ್ ಎಂದು ಬದಲಿಸಿ ಬಿಚ್ಚಿದರೆ, ವರ್ಡ್ ಫೋಲ್ಡರಿನ ಡಾಕ್ಯುಮೆಂಟ್ ಎಕ್ಸ್‌ಎಂಎಲ್‌ನಲ್ಲಿ ಈ ಚೂರುಗಳು ಕಾಣುತ್ತವೆ.) ದೇಹ ಮತ್ತು ತಲಕಟ್ಟು ಒಂದು ಚೂರಿನಲ್ಲಿ, ಕೊಂಬು ಇನ್ನೊಂದರಲ್ಲಿ ಬಿದ್ದರೆ, ಚೂರು ಚೂರಾಗಿ ಓದುವ ಕನ್ವರ್ಟರ್‌ಗೆ ಸಿಗುವುದು ‘ವ’ ಮತ್ತು ಒಂದು ಒಂಟಿ ಕೊಂಬು. ಫಲ, ‘ವುಲ್ಲಪ್ಪ’.

ಒತ್ತಕ್ಷರ ಮತ್ತು ಅರ್ಕಾವತ್ತಿನದೂ ಇದೇ ಕಥೆ. ‘ಮಲ್ಲಿಕಾರ್ಜುನ’ ಹೆಸರನ್ನೇ ನೋಡಿ. ನುಡಿಯಲ್ಲಿ ಕಾಣುವ ಕ್ರಮವೇ ಇಡುವ ಕ್ರಮ: ‘ಲಿ’ ಮೊದಲು, ಲ-ಒತ್ತು ಆಮೇಲೆ; ‘ಜು’ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಲ, ಅರ್ಧಾಕ್ಷರದ ಗುರುತು, ಲ, ಗುಡಿಸು; ‘ಕಾ’ ಆದ ಮೇಲೆ ರ, ಅರ್ಧಾಕ್ಷರದ ಗುರುತು, ಜ, ಕೊಂಬು. ಕನ್ವರ್ಟರ್ ಬರೀ ಅಕ್ಷರ ಬದಲಿಸಿದರೆ ಸಾಲದು, ಸ್ಥಾನವನ್ನೂ ಬದಲಿಸಬೇಕು. ನಡುವೆ ಚೂರು ಒಡೆದಿದ್ದರೆ ಅದಕ್ಕೆ ದಾರಿಯೇ ಇಲ್ಲ.

ಆದ್ದರಿಂದ ಫೈಲನ್ನು ಇಡಿಯಾಗಿ ಕನ್ವರ್ಟರ್‌ಗೆ ಕೊಡಬೇಡಿ. ಕ್ರಮ ಸಂಖ್ಯೆ ಮತ್ತು ಹೆಸರಿನ ಕಾಲಂ ಎರಡನ್ನೇ ಸೆಲೆಕ್ಟ್ ಮಾಡಿ ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಅಂಟಿಸಿ. ಚೂರುಗಳು ಅಲ್ಲೇ ಒಂದಾಗುತ್ತವೆ. ಅದನ್ನು ಕನ್ವರ್ಟರ್‌ಗೆ ಹಾಕಿ, ಬಂದದ್ದನ್ನು ಯುಟಿಎಫ್-8 (ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಒಂದು ಕ್ರಮ) ಆಗಿ ಉಳಿಸಿ. ಬಿನ್/ಕೋಂ, ಊರು ಕಾಲಂಗಳಿಗೂ ಹೀಗೇ, ಪ್ರತಿ ಸಲವೂ ಕ್ರಮ ಸಂಖ್ಯೆ ಜೊತೆಗೇ ಇರಲಿ. ಅಂಕಿಗಳು ಕನ್ವರ್ಟರ್‌ನಲ್ಲಿ ಬದಲಾಗುವುದಿಲ್ಲ (ಕನ್ನಡ ಅಂಕಿ ಬೇಕೇ ಎಂಬ ಆಯ್ಕೆ ಇದ್ದರೆ ಬೇಡ ಎನ್ನಿ), ಹಾಗಾಗಿ ಎಲ್ಲಿ ಸಾಲು ಜಾರಿತು ಎಂಬುದು ತಕ್ಷಣ ಕಾಣುತ್ತದೆ. ಖಾತೆ, ಐಎಫ್‌ಎಸ್‌ಸಿ, ಸರ್ವೆ ನಂಬರ್ ಕಾಲಂಗಳನ್ನು ಕನ್ವರ್ಟರ್ ಹತ್ತಿರಕ್ಕೂ ಒಯ್ಯಬೇಡಿ. ಸರ್ವೆ ನಂಬರಿನ ಹಿಸ್ಸಾ (ಭಾಗವನ್ನು ತಿಳಿಸುವ) ಅಕ್ಷರ ಕನ್ನಡದಲ್ಲಿದ್ದರೆ ಅದನ್ನು ಆಮೇಲೆ ಕೈಯಲ್ಲಿ ತಿದ್ದಿ.

ಎಕ್ಸೆಲ್‌ಗೆ ಇಳಿಸುವುದು

ಹೊಸ ಶೀಟು ತೆರೆದು, ಏನನ್ನೂ ಅಂಟಿಸುವ ಮೊದಲೇ ಹತ್ತೂ ಕಾಲಂ ಸೆಲೆಕ್ಟ್ ಮಾಡಿ ಫಾರ್ಮ್ಯಾಟನ್ನು ಟೆಕ್ಸ್ಟ್ ಎಂದು ಬದಲಿಸಿ. ನಂತರ ಪೇಸ್ಟ್ ಸ್ಪೆಷಲ್, ಟೆಕ್ಸ್ಟ್. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಅನ್‌ಫಾರ್ಮ್ಯಾಟೆಡ್ ಟೆಕ್ಸ್ಟ್ ಎಂದು ಅಂಟಿಸಿದರೆ ಆಮದಿನ ಕಿಟಕಿ ತೆರೆಯುತ್ತದೆ. ಅಲ್ಲಿ ಪ್ರತಿ ಕಾಲಂನ ತಲೆ ಒತ್ತಿ ಟೈಪ್ ಟೆಕ್ಸ್ಟ್ ಎಂದು ಕೊಡಿ. ಈ ಒಂದು ನಿಮಿಷ ಉಳಿಸಲು ಹೋದರೆ ಆಗುವ ಹಾನಿ ಹಿಂದಕ್ಕೆ ಬರುವಂಥದ್ದಲ್ಲ.

ಸರ್ವೆ ನಂಬರ್ 12/3 ಮಾರ್ಚ್ 12 ಆಗುತ್ತದೆ. 2025ರಲ್ಲಿ ಅಂಟಿಸಿದ್ದರೆ ಒಳಗೆ ಕೂತಿರುವುದು 45728. ಆಮೇಲೆ ಟೆಕ್ಸ್ಟ್ ಎಂದು ಬದಲಿಸಿದರೆ ಕಾಣುವುದೂ ಅದೇ. 12/3ಅ ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ಅದು ದಿನಾಂಕವಾಗಲಾರದು. ಹೀಗೆ ಒಂದೇ ಕಾಲಂನಲ್ಲಿ ಅರ್ಧ ದಿನಾಂಕ, ಅರ್ಧ ಪಠ್ಯ. ಬ್ಯಾಂಕ್ ಖಾತೆ ಸೊನ್ನೆಯಿಂದ ಶುರುವಾದರೆ ಸೊನ್ನೆ ಹೋಗುತ್ತದೆ. 12 ಅಂಕಿಗೆ ಮುಟ್ಟಿದರೆ ಇ ಅಕ್ಷರ ಸೇರಿದ ವೈಜ್ಞಾನಿಕ ರೂಪ ಬರುತ್ತದೆ, ಆದರೆ ಒಳಗಿನ ಸಂಖ್ಯೆ ಕೆಟ್ಟಿರುವುದಿಲ್ಲ. 16 ಅಂಕಿಯ ಖಾತೆಯಲ್ಲಿ ಮಾತ್ರ ಕೆಟ್ಟೇ ಹೋಗುತ್ತದೆ: ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ಹಿಡಿದಿಡುತ್ತದೆ, ಹದಿನಾರನೆಯದನ್ನು ಸೊನ್ನೆ ಮಾಡುತ್ತದೆ. ಖಾತೆಗಳೆಲ್ಲ ಸೊನ್ನೆಯಲ್ಲೇ ಮುಗಿಯುತ್ತಿವೆ ಎಂದು ಕಂಡರೆ ಆ ಶೀಟನ್ನು ಎಸೆದು ವರ್ಡ್ ಫೈಲಿಗೆ ವಾಪಸ್ ಹೋಗುವುದೊಂದೇ ದಾರಿ.

ಪಹಣಿಯಿಂದ ಎತ್ತಿದ ಸರ್ವೆ ನಂಬರ್ 12/*/3 ಎಂಬ ರೂಪದಲ್ಲಿರುತ್ತದೆ. ನಕ್ಷತ್ರ ತೆಗೆಯಲು ಫೈಂಡ್‌ನಲ್ಲಿ ಬರೀ * ಕೊಟ್ಟು ರಿಪ್ಲೇಸ್ ಆಲ್ ಮಾಡಿದರೆ ಕಾಲಂ ಪೂರ್ತಿ ಖಾಲಿಯಾಗುತ್ತದೆ; ಎಕ್ಸೆಲ್‌ಗೆ * ಎಂದರೆ ‘ಏನಾದರೂ’. ~* ಎಂದು ಕೊಡಬೇಕು.

ಸಿಎಸ್‌ವಿ ಮೂಲಕ ಹೋಗಲೇಬೇಕಾದರೆ ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯನ್ನೇ ಆರಿಸಿ. ಸಾಮಾನ್ಯ ಸಿಎಸ್‌ವಿಗೆ ಉಳಿಸಿದರೆ ಕನ್ನಡವೆಲ್ಲ ???? ಆಗುತ್ತದೆ, ಅದು ಮತ್ತೆ ಬರುವುದಿಲ್ಲ. ಹೊರಗಿನಿಂದ ಬಂದ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಒಂದೊಂದು ಕನ್ನಡ ಅಕ್ಷರಕ್ಕೂ ಮೂರು ಮೂರು ವಿಚಿತ್ರ ಅಕ್ಷರ ಕಂಡರೆ ಗಾಬರಿ ಬೇಡ. ಯುಟಿಎಫ್-8ರಲ್ಲಿ ಒಂದು ಕನ್ನಡ ಅಕ್ಷರಕ್ಕೆ ಮೂರು ಬೈಟು, ಎಕ್ಸೆಲ್ ಅದನ್ನು ಬಿಡಿಬಿಡಿಯಾಗಿ ಓದಿದೆ. ಉಳಿಸದೆ ಮುಚ್ಚಿ, ಡೇಟಾ ಮೆನುವಿನ ಫ್ರಮ್ ಟೆಕ್ಸ್ಟ್ ಅಥವಾ ಸಿಎಸ್‌ವಿ ಆಯ್ಕೆಯಿಂದ ತೆರೆದು, ಫೈಲ್ ಆರಿಜಿನ್ 65001 (ಯುಟಿಎಫ್-8) ಎಂದು ಕೊಡಿ.

ಎಲ್ಲ ಇಳಿದ ಮೇಲೆ ## ಇದ್ದಲ್ಲಿ ಸಾಲು ಒಡೆಯಲು ರಿಪ್ಲೇಸ್ ಜಾಗದಲ್ಲಿ ಕಂಟ್ರೋಲ್ ಜೆ ಒತ್ತಿ. ಫಾಂಟನ್ನು ಇಡೀ ಶೀಟಿಗೆ ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡ ಮಾಡಿ.

ಎಕರೆ-ಗುಂಟೆ

ಇಲ್ಲಿ ನಿಧಾನ ಬೇಕು. ಪಟ್ಟಿಯಲ್ಲಿ 2 ಎಕರೆ 10 ಗುಂಟೆಯನ್ನು 2.10 ಎಂದು ಬರೆದಿದ್ದಾರೆ, ಕೆಲವು ಕಡೆ 2-10 ಎಂದು. ಎಕ್ಸೆಲ್‌ನಲ್ಲಿ 2-10 ದಿನಾಂಕವಾಗುತ್ತದೆ. 2.10 ಇನ್ನೂ ಕೆಟ್ಟದ್ದು, ಏಕೆಂದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ: ಸಂಖ್ಯೆಯಾದ ಕೂಡಲೇ ಅದು 2.1. ಇದು 2 ಎಕರೆ 1 ಗುಂಟೆಯೋ, 10 ಗುಂಟೆಯೋ?

40 ಗುಂಟೆಗೆ ಒಂದು ಎಕರೆ. ಹಾಗಾಗಿ ಚುಕ್ಕಿಯ ನಂತರ ಬರಬಹುದಾದ ದೊಡ್ಡ ಸಂಖ್ಯೆ 39. ಆಗಲೇ ಸಂಖ್ಯೆಯಾಗಿ ಹೋಗಿರುವ ಶೀಟೇ ಕೈಗೆ ಬಂದರೆ ಇದರಿಂದ ಒಂದು ಅನುಕೂಲವಿದೆ: 2.4 ಎಂದರೆ 4 ಗುಂಟೆಯೇ, 40 ಗುಂಟೆ ಎಂದು ಯಾರೂ ಬರೆಯುವುದಿಲ್ಲ. 5, 6, 7, 8, 9ಕ್ಕೂ ಹಾಗೇ. ಎಕರೆಯ ದಶಮಾಂಶವನ್ನು ಯಾರೂ ಬರೆದಿಲ್ಲ ಎಂದಾದರೆ, ಅನುಮಾನ ಇರುವುದು ಚುಕ್ಕಿಯ ನಂತರ ಒಂಟಿಯಾಗಿ 1, 2, 3 ನಿಂತಿರುವ ಸಾಲುಗಳಲ್ಲಿ ಮಾತ್ರ. ಅವನ್ನಷ್ಟೇ ಫಿಲ್ಟರ್ ಮಾಡಿ ಮೂಲ ಪಟ್ಟಿಯ ಜೊತೆ ತಾಳೆ ನೋಡಿದರೆ ಸಾಕು.

ಕೂಡುವುದಂತೂ ನೇರವಾಗಿ ಆಗದು. 1.30, 1.20, 0.35 ಮೂರನ್ನೂ ಎಕ್ಸೆಲ್ ಕೂಡಿದರೆ 2.85. ಲೆಕ್ಕ ಹಾಕಿ: 70 ಗುಂಟೆ, 60 ಗುಂಟೆ, 35 ಗುಂಟೆ, ಒಟ್ಟು 165, ಅಂದರೆ 4 ಎಕರೆ 5 ಗುಂಟೆ. ಟೆಕ್ಸ್ಟ್ ಆಗಿರುವ ವಿಸ್ತೀರ್ಣದ ಕಾಲಂ ಪಕ್ಕದಲ್ಲಿ ಖಾಲಿ ಕಾಲಂ ಇಟ್ಟು, 2-10ರ ಅಡ್ಡಗೆರೆಯನ್ನು ಮೊದಲು ಚುಕ್ಕಿ ಮಾಡಿ. ಆ ರಿಪ್ಲೇಸ್ ನಡೆಯುವಾಗ ಕಾಲಂ ಟೆಕ್ಸ್ಟ್ ಆಗಿಯೇ ಇರಬೇಕು. ಡೇಟಾ, ಟೆಕ್ಸ್ಟ್ ಟು ಕಾಲಮ್ಸ್, ಡಿಲಿಮಿಟೆಡ್, ಅದರ್ ಜಾಗದಲ್ಲಿ ಚುಕ್ಕಿ. ಎಕರೆ ಒಂದು ಕಾಲಂ, ಗುಂಟೆ ಇನ್ನೊಂದು. ಮೂರನೆಯದರಲ್ಲಿ ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಕೂಡಿ. ಮೊತ್ತ ಈ ಮೂರನೆಯ ಕಾಲಂಗೆ ಮಾತ್ರ. ಅದನ್ನು 40ರಿಂದ ಭಾಗಿಸಿ ಇಂಟ್ ಹಾಕಿದರೆ ಎಕರೆ, ಮಾಡ್ ಹಾಕಿದರೆ ಉಳಿದ ಗುಂಟೆ. ಗುಂಟೆಯ ಕಾಲಂನಲ್ಲಿ 39ಕ್ಕಿಂತ ದೊಡ್ಡದು ಕಂಡರೆ ಅದು ಟೈಪಿಂಗ್ ತಪ್ಪು, ಅಥವಾ ಯಾರೋ ಎಕರೆಯ ದಶಮಾಂಶವನ್ನೇ ಬರೆದಿದ್ದಾರೆ. 2.50 ಎಂಬುದು ಎರಡೂವರೆ ಎಕರೆ ಇರಬಹುದು. ಮೂಲ ಪಹಣಿ ನೋಡದೆ ತಿದ್ದಬೇಡಿ.

ಕಣ್ಣಿಗೆ ಕಾಣದ ಕಸ

ಯೂನಿಕೋಡ್ ಆಗಿದ್ದರೂ ವಿಲುಕಪ್ ಸಿಗುತ್ತಿಲ್ಲ ಎಂದರೆ ಮೂರು ಕಡೆ ನೋಡಿ. ಮೊದಲನೆಯದು ಝಡ್‌ಡಬ್ಲ್ಯೂಎನ್‌ಜೆ, ಅಂದರೆ ಒತ್ತಕ್ಷರ ಆಗದಂತೆ ಅರ್ಧಾಕ್ಷರದ ನಂತರ ಹಾಕುವ ಕಾಣದ ಅಕ್ಷರ. ಒಂದು ಶೀಟಿನ ‘ರಾಜ್‌ಕುಮಾರ್’ನಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡೂ ಬೇರೆ ಬೇರೆ. ಅಳಿಸಬೇಡಿ, ಹೆಸರಿನ ರೂಪ ಕೆಡುತ್ತದೆ. ಹೋಲಿಕೆಗೆಂದೇ ಬೇರೆ ಕಾಲಂ ಮಾಡಿ, ಸಬ್‌ಸ್ಟಿಟ್ಯೂಟ್ ಫಂಕ್ಷನ್‌ನಲ್ಲಿ ಯೂನಿಕ್ಯಾರ್ 8204 (ಇದೇ ಅಕ್ಷರ) ಮತ್ತು 8205 (ಅಕ್ಷರ ಕೂಡಿಸುವ ಇದರ ಜೋಡಿ) ಎರಡನ್ನೂ ಖಾಲಿ ಮಾಡಿ. ಎರಡನೆಯದು ವರ್ಡ್‌ನಿಂದ ಬಂದ ಒಡೆಯದ ಖಾಲಿ ಜಾಗ, ಯೂನಿಕ್ಯಾರ್ 160; ಟ್ರಿಮ್ ಅದನ್ನು ಮುಟ್ಟುವುದಿಲ್ಲ.

ಮೂರನೆಯದು ಸೊನ್ನೆ. ಕನ್ನಡ ಅಂಕಿಯಲ್ಲಿ ಬರೆದ ೧೨೫೦ ಎಕ್ಸೆಲ್‌ಗೆ ಬರೀ ಪಠ್ಯ, ಕೂಡಿದರೆ ಮೊತ್ತಕ್ಕೆ ಸೇರುವುದಿಲ್ಲ. ಹತ್ತು ಸಲ ರಿಪ್ಲೇಸ್ ಮಾಡಿ ಅಂಕಿ ಬದಲಿಸಬೇಕು, ಆದರೆ ಮೊತ್ತದ ಕಾಲಂ ಮಾತ್ರ ಸೆಲೆಕ್ಟ್ ಮಾಡಿಕೊಂಡು. ಯೂನಿಕೋಡಿನಲ್ಲಿ ಟೈಪ್ ಮಾಡಿದ ಬಹಳಷ್ಟು ಪಟ್ಟಿಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಹೊಡೆದಿರುತ್ತಾರೆ: ‘ಸ೦ಘ’. ಕಾಣಲು ‘ಸಂಘ’ದಂತೆಯೇ, ಕೋಡು ಬೇರೆ. ಇಡೀ ಶೀಟಿಗೆ ರಿಪ್ಲೇಸ್ ಮಾಡಿದರೆ ‘ಸ0ಘ’ ಆಗುತ್ತದೆ. ಹೆಸರಿನ ಕಾಲಂಗಳಲ್ಲಿ ೦ ಹುಡುಕಿ ಅನುಸ್ವಾರಕ್ಕೆ ಬದಲಿಸಿ, ಮೊತ್ತದ ಕಾಲಂನಲ್ಲಿ 0ಗೆ ಬದಲಿಸಿ.

ದಿನಾಂಕದ್ದು ಸರಳ: ಟೆಕ್ಸ್ಟ್ ಟು ಕಾಲಮ್ಸ್‌ನ ಮೂರನೆಯ ಹಂತದಲ್ಲಿ ಡೇಟ್, ಡಿಎಂವೈ. ಎರಡಂಕಿಯ ವರ್ಷ ಇದ್ದರೆ ಮೊದಲೇ ನಾಲ್ಕಂಕಿ ಮಾಡಿ. ಎಕ್ಸೆಲ್ ಸಣ್ಣ ಅಂಕಿಗಳನ್ನು 2000ದ ಆಚೆಗೆ, ದೊಡ್ಡವನ್ನು 1900ರ ಕಡೆಗೆ ತಾನೇ ತಳ್ಳುತ್ತದೆ.

ತಾಳೆ ನೋಡಲು: ಬೇರೆ ಬೇರೆ ಕ್ರಮ ಸಂಖ್ಯೆ ಎಷ್ಟಿವೆ ಎಂದು ಎಣಿಸಿದರೆ 1,112 ಬರಬೇಕು. ಐಎಫ್‌ಎಸ್‌ಸಿ 11 ಅಕ್ಷರ ಇರಬೇಕು, ಐದನೆಯದು ಸೊನ್ನೆಯೇ ಆಗಿರಬೇಕು. ಲೆನ್ ಮತ್ತು ಮಿಡ್ ಫಂಕ್ಷನ್ ಹಾಕಿದರೆ ‘ಓ’ ಅಕ್ಷರ ಹೊಡೆದಿರುವವು ಸಿಕ್ಕಿಬೀಳುತ್ತವೆ. ಹೆಸರಿನ ಕಾಲಂ ಸಾರ್ಟ್ ಮಾಡಿ. ಲಿಪಿ ಬದಲಾಗದೆ ಉಳಿದವು ಕನ್ನಡಕ್ಕಿಂತ ಮೊದಲೇ, ಮೇಲ್ಗಡೆ ಬಂದು ಕೂರುತ್ತವೆ. ‘ವು’ ಎಂದು ಹುಡುಕಿ ಒಂದೊಂದೇ ನೋಡಿ. ಚುಕ್ಕಿ ಚುಕ್ಕಿಯ ವೃತ್ತದ ಮೇಲೆ ಕೂತ ಕೊಂಬು, ದೀರ್ಘ ಕಂಡರೆ ಅಲ್ಲಿ ಕೋಡಿನ ಕ್ರಮ ತಪ್ಪಿದೆ. ಕೊನೆಗೆ ಪ್ರತಿ ಇಪ್ಪತ್ತೈದನೆಯ ಸಾಲನ್ನು ಮೂಲ ಪ್ರಿಂಟಿನ ಜೊತೆ ಇಬ್ಬರು ಕೂತು ಓದಿ, ಒಬ್ಬರು ಗಟ್ಟಿಯಾಗಿ.

ವಾಪಸ್ ವರ್ಡ್‌ಗೆ

ಮೇಲ್ ಮರ್ಜ್ (ಶೀಟಿನ ಒಂದೊಂದು ಸಾಲಿಗೂ ಒಂದೊಂದು ನೋಟಿಸ್ ಮಾಡಿಕೊಡುವ ವರ್ಡ್ ಸೌಲಭ್ಯ) ಎಕ್ಸೆಲ್‌ನ ಕಾಣುವ ರೂಪವನ್ನು ತರುವುದಿಲ್ಲ, ಒಳಗಿನ ಸಂಖ್ಯೆಯನ್ನು ತರುತ್ತದೆ. 1,25,000 ಇದ್ದದ್ದು 125000 ಆಗುತ್ತದೆ, ದಿನಾಂಕ ತಿಂಗಳು ಮೊದಲಾಗಿ ಬರುತ್ತದೆ. ನೋಟಿಸ್‌ಗೆ ಹೋಗುವ ಪ್ರತಿ ಮೊತ್ತಕ್ಕೂ ದಿನಾಂಕಕ್ಕೂ ಟೆಕ್ಸ್ಟ್ ಫಂಕ್ಷನ್ ಹಾಕಿದ ಬೇರೆ ಕಾಲಂ ಮಾಡಿ, ಮರ್ಜ್‌ಗೆ ಅದನ್ನೇ ಕೊಡಿ. ಲಕ್ಷ, ಕೋಟಿಯ ಅಲ್ಪವಿರಾಮಕ್ಕೆ ಬೇಕಾದ ಮಾದರಿ ಇದು:

[>=10000000]##\,##\,##\,##0;[>=100000]##\,##\,##0;##,##0

ಇನ್ನೊಂದು ಅಪಾಯ: ಮರ್ಜ್ ಮಾಡುವಾಗ ಕಾಲಂ ಸಂಖ್ಯೆಯೋ ಪಠ್ಯವೋ ಎಂಬುದನ್ನು ಮೊದಲ 8 ಸಾಲು ನೋಡಿ ತೀರ್ಮಾನಿಸಲಾಗುತ್ತದೆ. ಮೊದಲ ಎಂಟೂ ಸರ್ವೆ ನಂಬರ್ 45, 46 ಎಂದು ಬರೀ ಸಂಖ್ಯೆಗಳಾಗಿದ್ದು ಒಂಬತ್ತನೆಯದು 12/3ಅ ಆಗಿದ್ದರೆ ನೋಟಿಸ್‌ನಲ್ಲಿ ಆ ಜಾಗ ಖಾಲಿ, ಅಥವಾ 0. ಕಾಲಂ ಮೊದಲಿನಿಂದ ಪಠ್ಯವಾಗಿಯೇ ಇಳಿದಿದ್ದರೆ ಈ ತೊಂದರೆ ಬರುವುದಿಲ್ಲ. ಹೊರಗಿನಿಂದ ಬಂದ ಶೀಟಾಗಿದ್ದರೆ ಹಿಸ್ಸಾ ಅಕ್ಷರವಿರುವ ಒಂದೆರಡು ಸಾಲನ್ನು ಮೇಲೆ ತಂದಿಟ್ಟರೆ ಸಾಲದು. ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಇಡೀ ಕಾಲಂ ಟೆಕ್ಸ್ಟ್ ಎಂದು ಮತ್ತೆ ಬರೆಸಿ.

ನೋಟಿಸ್ ಮಾದರಿಯಲ್ಲಿ ಕನ್ನಡದ ಫಾಂಟು ಬದಲಾಗುತ್ತಿಲ್ಲ ಎಂದಾದರೆ ಫಾಂಟ್ ಕಿಟಕಿಯ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ವಿಭಾಗ ನೋಡಿ. ವರ್ಡ್ ಕನ್ನಡಕ್ಕೆ ಬಳಸುವುದು ಆ ಫಾಂಟನ್ನು, ಮೇಲಿನ ಲ್ಯಾಟಿನ್ ಫಾಂಟನ್ನಲ್ಲ. ಲಿಬ್ರೆಆಫೀಸ್‌ನಲ್ಲಿ ಭಾಷೆಯ ಸೆಟ್ಟಿಂಗ್‌ನಲ್ಲಿ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಆನ್ ಮಾಡಿದ ಮೇಲಷ್ಟೇ ಆ ವಿಭಾಗ ಕಾಣುತ್ತದೆ. ಎಲ್ಲ ಪುಟವನ್ನೂ ಪ್ರಿಂಟರಿಗೆ ಕಳಿಸುವ ಮೊದಲು ಪಿಡಿಎಫ್ ಮಾಡಿ, ಅತಿ ಉದ್ದದ ಹೆಸರು, ಸೊನ್ನೆಯಿಂದ ಶುರುವಾಗುವ ಖಾತೆ, ಹಿಸ್ಸಾ ಅಕ್ಷರವಿರುವ ಸರ್ವೆ ನಂಬರ್ ಇರುವ ಮೂರು ಪುಟ ತೆಗೆದು ಓದಿ.